ಹದಿನೇಳನೆಯ ಎಳೆ

ಹದಿನೇಳನೆಯ ಎಳೆ ಅರ್ಧದಾರಿಯಲ್ಲೇ ತುಂಡಾಯಿತು. ಪರದೆಯ ಮೇಲೆ ಏರುತ್ತಿದ್ದ ಗೆರೆ ಧೊಪ್ಪನೆ ಕೆಳಗೆ ಬಿತ್ತು. ಅದರ ಹಿಂದಿನ ಹದಿನಾರು, ಆಮೇಲಿನ ಎಂಟು ಎಳೆಗಳೆಲ್ಲ ಯಂತ್ರ ಎಳೆದಷ್ಟೂ ಜಗ್ಗದೆ, ನಿಗದಿಯಾದ ಬಲದ ಗುರಿ ದಾಟಿದ ಮೇಲಷ್ಟೇ ಮುರಿದಿದ್ದವು.

"ಅದೊಂದು ಅಂಟಿಸುವಾಗಲೇ ಪೆಟ್ಟು ತಿಂದಿದೆ, ತೆಗೆದುಬಿಡಿ," ಎಂದರು ಪ್ರಯೋಗಾಲಯದ ಮುಖ್ಯಸ್ಥರು. "ನಾಡಿದ್ದು ವಿಮಾನ ಕಾರ್ಖಾನೆಯವರು ಬರ್ತಾರೆ. ಇಪ್ಪತ್ನಾಲ್ಕು ತೋರಿಸಿದ್ರೆ ಸಾಕು."

ಅಂಟಿಸಿದವಳು ಅಲ್ಲೇ ಯಂತ್ರದ ಮುಂದೆ ಕೂತಿದ್ದಳು. ಎಲ್ಲರ ಬಾಯಲ್ಲೂ ಆಕೆ ಚಿಮಟಕ್ಕ. ತಲೆಗೂದಲಿನ ಹತ್ತನೆಯ ಒಂದು ಪಾಲಿನಷ್ಟು ತೆಳ್ಳಗಿನ ಇಂಗಾಲದ ಎಳೆಯನ್ನು ಚಿಮಟದಲ್ಲಿ ಹಿಡಿದು, ಕಾಗದದ ಚೌಕಟ್ಟಿಗೆ ಅಡ್ಡಲಾಗಿ ಮಲಗಿಸಿ, ಎರಡು ತುದಿಗೂ ಒಂದೊಂದು ಹನಿ ಅಂಟು ಇಟ್ಟು, ಒಣಗಿದ ಮೇಲೆ ಯಂತ್ರಕ್ಕೆ ಏರಿಸುವುದು ಹತ್ತೊಂಬತ್ತು ವರ್ಷಗಳಿಂದ ಆಕೆಯ ಕೆಲಸ. ಆ ಹೊತ್ತಿನಲ್ಲಿ ಕೋಣೆಯ ಫ್ಯಾನ್ ತಿರುಗುವಂತಿಲ್ಲ. ಮುಖ್ಯಸ್ಥರೂ ಸೀನು ಬಂದರೆ ಹೊರಗೆ ಓಡಬೇಕು.

"ಪೆಟ್ಟು ತಿಂದಿದ್ದು ನನ್ನ ಕೈಯಲ್ಲಲ್ಲ ಸರ್."

"ಅಯ್ಯೋ, ನಿಮ್ಮನ್ನ ಬೈದ್ನಾ? ಇಪ್ಪತ್ತೈದರಲ್ಲಿ ಒಂದು ಯಾರಿಗಾದ್ರೂ ತಪ್ಪುತ್ತೆ. ಮೊಸರಲ್ಲಿ ಕಲ್ಲು ಹುಡುಕ್ಬೇಡಿ."

"ಕಲ್ಲಿದ್ರೆ ಹುಡುಕ್ಲೇಬೇಕಲ್ಲ ಸರ್? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀಬೇಡಿ. ಮುರಿದ ತುದಿ ಇಲ್ಲೇ ಇದೆ, ದೊಡ್ಡ ಮೈಕ್ರೋಸ್ಕೋಪಲ್ಲಿ ಇಟ್ಟು ನೋಡಿ. ಚಿಮಟ ಗೀರಿದ ಗುರುತು ಕಂಡ್ರೆ ನನ್ನ ತಪ್ಪು ಅಂತ ವರದಿಯಲ್ಲೇ ಬರೀರಿ. ಕಾಣದಿದ್ರೆ ಅದನ್ನ ಅಳಿಸೋ ಹಾಗಿಲ್ಲ."

ಸಂಶೋಧಕಿ ಇಬ್ಬರನ್ನೂ ನೋಡುತ್ತಾ ನಿಂತಿದ್ದಳು. ಎಳೆ ಅವಳದು, ಮೂರು ವರ್ಷದ ದುಡಿಮೆ. ಪಾಲಿಮರ್ ದ್ರಾವಣಕ್ಕೆ ಇಂಗಾಲದ ನ್ಯಾನೊ ಕೊಳವೆಗಳನ್ನು ಬೆರೆಸಿ, ದಾರವಾಗಿ ನೂತು, ಕುಲುಮೆಯಲ್ಲಿ ಸುಟ್ಟು ಕಪ್ಪಾಗಿಸಿದ್ದಳು. ಕಣ್ಣಿಗೆ ಕಾಣದ ಆ ಕೊಳವೆಗಳು ಎಳೆಯ ಬಲ ಹೆಚ್ಚಿಸಬೇಕಿತ್ತು. ಕಾರ್ಖಾನೆಯವರು ಒಪ್ಪಿದರೆ ಅದು ವಿಮಾನದ ರೆಕ್ಕೆ ಸೇರುತ್ತಿತ್ತು. ಅಕ್ಕನ ಕೈ ತಪ್ಪಿತೆಂದು ಸುಮ್ಮನಿದ್ದುಬಿಟ್ಟರೆ ಅವಳಿಗೆ ಎಲ್ಲವೂ ಸುಸೂತ್ರ. ಅವಳು ಮೈಕ್ರೋಸ್ಕೋಪ್ ಕೋಣೆಯ ಕೀಲಿ ತೆಗೆದುಕೊಂಡಳು.

"ನಡೀರಿ ಅಕ್ಕಾ, ನೋಡೇಬಿಡೋಣ."

ಮುರಿದ ತುದಿ ಪರದೆ ತುಂಬಾ ದೊಡ್ಡದಾಗಿ ಮೂಡಿತು. ಹೊರಮೈ ನುಣ್ಣಗಿತ್ತು, ಒಂದು ಗೀರೂ ಇರಲಿಲ್ಲ. ಆದರೆ ಒಳಗೆ, ಸರಿಯಾಗಿ ಬಿರುಕು ಹುಟ್ಟಿದ ಜಾಗದಲ್ಲಿ, ಬಾಚಣಿಗೆಗೆ ಸಿಕ್ಕಿಕೊಂಡ ಕೂದಲಿನಂತೆ ಕೊಳವೆಗಳು ಉಂಡೆಗಟ್ಟಿ ಕೂತಿದ್ದವು.

ಹಿಂದೆಯೇ ಬಂದಿದ್ದ ಮುಖ್ಯಸ್ಥರು ಪರದೆಯತ್ತ ಬಾಗಿ ನೋಡಿದರು.

"ಈ ಗಂಟು ನಂದು ಸರ್," ಎಂದಳು ಸಂಶೋಧಕಿ. ಕಣ್ಣು ತುಂಬಿತ್ತು, ದನಿ ಮಾತ್ರ ಅಲುಗಲಿಲ್ಲ. "ದ್ರಾವಣ ಕಲಸುವಾಗ ಅವಸರ ಮಾಡ್ದೆ. ಕೊಳವೆಗಳು ಬಿಡಿಬಿಡಿಯಾಗಿ ಹರಡ್ಲಿಲ್ಲ. ಬಲ ಕೊಡ್ಬೇಕಾದವೇ ಗುಂಪುಕಟ್ಟಿ ಎಳೇನ ಒಡೆದಿವೆ."

ಚಿಮಟಕ್ಕ ಅವಳ ಬೆನ್ನು ಸವರಿದಳು. "ಸಿಕ್ಕು ಎಲ್ಲಿದೆ ಅಂತ ಗೊತ್ತಾಯ್ತಲ್ಲ, ಬಿಡಿಸಿದ್ರಾಯ್ತು ಕಣಮ್ಮಾ."

ಮುಖ್ಯಸ್ಥರು ಪರದೆಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಅಲ್ಲಿಂದಲೇ ಕಾರ್ಖಾನೆಗೆ ಫೋನ್ ಮಾಡಿದರು. "ನಾಡಿದ್ದು ಬರಬೇಡಿ. ನಮ್ಮ ಎಳೇಲಿ ಒಂದು ದೋಷ ಸಿಕ್ಕಿದೆ. ನಮ್ಮವರೇ ಕಂಡುಹಿಡಿದ್ರು. ಸರಿ ಮಾಡಿ ಕರೀತೀವಿ."

ನಾಲ್ಕನೆಯ ವಾರ ಕಾರ್ಖಾನೆಯವರು ಬಂದರು. ಅಷ್ಟರಲ್ಲಿ ಸಂಶೋಧಕಿ ದ್ರಾವಣವನ್ನು ದಿನಗಟ್ಟಲೆ ಕಲಸಿ, ಸೋಸಿ, ಮತ್ತೆ ಕಲಸಿ, ಹೊಸದಾಗಿ ಎಳೆ ನೂತಿದ್ದಳು. ಚಿಮಟಕ್ಕ ಒಂದೊಂದಾಗಿ ಯಂತ್ರಕ್ಕೆ ಏರಿಸುತ್ತಿದ್ದಳು. ಒಂದು, ಎರಡು, ಹತ್ತು, ಇಪ್ಪತ್ತು. ಎಲ್ಲವೂ ಗುರಿ ದಾಟಿದವು. ಮೊದಲ ಎಳೆಯಿಂದಲೂ ಉಗುರು ಕಚ್ಚುತ್ತಿದ್ದ ಸಂಶೋಧಕಿ ಅದನ್ನೇ ಮರೆತಳು.

ಕಾರ್ಖಾನೆಯ ಹಿರಿಯ ಎಂಜಿನಿಯರ್ ಬೆರಗಾದರು. "ಇಪ್ಪತ್ತು ಎಳೆ! ಅಂಟಿಸುವಾಗ ಒಂದೂ ಹಾಳಾಗಿಲ್ವಲ್ಲ? ಯಾರ ಕೈ ಸ್ವಾಮಿ ಇದು?"

"ಇವರದು," ಎಂದು ಮುಖ್ಯಸ್ಥರು ಪಕ್ಕಕ್ಕೆ ಸರಿದು ನಿಂತರು. "ಎಳೆಗೆ ಬಲ ತುಂಬಿದ್ದು ಆ ಹುಡುಗಿ. ಆ ಬಲ ನಿಜವೋ ಸುಳ್ಳೋ ಅಂತ ನಮಗೆ ಹೇಳಿದ್ದು ಇವರು."

ಎಂಜಿನಿಯರ್ ಮುಂದೆ ಬಂದು ಕೈ ಚಾಚಿದರು. ಚಿಮಟಕ್ಕ ಎದ್ದು ನಿಲ್ಲಲಿಲ್ಲ, ಕಣ್ಣನ್ನೂ ಎತ್ತಲಿಲ್ಲ.

"ತಪ್ಪು ತಿಳೀಬೇಡಿ ಸರ್, ಇನ್ನೂ ಐದು ಬಾಕಿ ಇವೆ. ಈಗ ಈ ಕೈ ಕುಲುಕೋ ಹಾಗಿಲ್ಲ."