ಆಯಿಯ ಎಡದವಡೆ

ಮೊಬೈಲು ರಾಜರತ್ನನ ಮುಷ್ಟಿಯಲ್ಲಿತ್ತು. ಮಗಳಿಗೆ ಕೊಡುವ ಲಕ್ಷಣ ಕಾಣಲಿಲ್ಲ. ಡೆಂಟಲ್ ಕಾಲೇಜುಗಳಲ್ಲಿ ಯಾವುದು ಮೊದಲು ಬೇಕು, ಯಾವುದು ಆಮೇಲೆ ಎಂದು ಅದರಲ್ಲೇ ತುಂಬಿ ಕಳಿಸಲು ಇವತ್ತು ಸಂಜೆಯವರೆಗೆ ಮಾತ್ರ ಅವಕಾಶ. ಲುಂಬಿನಿ ಹೊಸ್ತಿಲ ಹತ್ತಿರ ಕುಳಿತು ಅಪ್ಪನ ಕೈಯನ್ನೇ ನೋಡುತ್ತಿದ್ದಳು. ತಾಯಿ ಚಂದ್ರಕಲಾ ಅಂಗನವಾಡಿಗೆ ಹೊರಡುವಾಗಲೇ, "ಅಪ್ಪ ಮಗಳು ಕೂಡಿ ಏನರ ಒಂದು ಮುಗಸ್ರಿ" ಎಂದು ಹೇಳಿ ಕೈ ತೊಳೆದುಕೊಂಡಿದ್ದಳು. ಇನ್ನು ಉಳಿದವಳು ಗೋಡೆಗೆ ಆತು ಕುಳಿತ, ಲುಂಬಿನಿ ಆಯಿ ಎಂದು ಕರೆಯುವ ಅಜ್ಜಿ ಪೀರಮ್ಮ. ಅವಳು ಮಗನನ್ನೊಮ್ಮೆ, ಮೊಮ್ಮಗಳನ್ನೊಮ್ಮೆ ನೋಡುತ್ತಿದ್ದಳು.

"ಇನ್ನೊಂದು ವರ್ಷ ಕುಂತು ಓದು. ಕೋಚಿಂಗಿಗಿ ಹಾಕ್ತೀನಿ. ದೊಡ್ಡ ಡಾಕ್ಟರ್ ಆಗು," ಎಂದ ರಾಜರತ್ನ. "ಹಲ್ಲಿನ ಡಾಕ್ಟರಂದ್ರ ಅದೇನ್ ಡಾಕ್ಟರಕಿ?"

"ಬ್ಯಾರೆ ಏನೂ ಸಿಗಲಾರದಕ್ಕ ಕೇಳ್ಲಿಕತ್ತಿಲ್ಲ ಅಪ್ಪಾ. ನನಗ ಇದೇ ಬೇಕು."

"ಈ ಶಹಾಬಾದದಾಗ ಹಲ್ಲು ತೋರಸಾಕ ಯಾರು ಬರ್ತಾರವ್ವಾ? ನಮ್ಮ ಕಲ್ಲು ಪಾಲಿಶ್ ಮಷಿನಿನ ಮಂದೀನೇ ನೋಡು. ಹಲ್ಲು ನೋಯ್ತು ಅಂದ್ರ ದವಡಿಗಿ ತಂಬಾಕ ಒತ್ತಿ ಕಲ್ಲು ಹೊರಲಿಕ್ಕ ಬರ್ತಾರ. ಅಲಗಾಡ್ತು ಅಂದ್ರ ತಾವೇ ಕಿತ್ತಿ ಒಗೀತಾರ. ನೀ ದವಾಖಾನಿ ತೆರೆದು ನೊಣ ಹೊಡ್ಕೋತ ಕುಂದ್ರಾಕಿ."

"ಅಪ್ಪಾ, ಅದಕ್ಕೇ..."

"ಅದಕ್ಕೇ ಏನು? ನಮ್ಮ ಮನ್ಯಾಗ ಯಾರಿಗರ ಹಲ್ಲಿಂದು ತಕರಾರು ಅದ ಏನು? ನಿಮ್ಮ ಆಯೀನ್ನ ನೋಡು. ಈ ವಯಸ್ಸಿನಾಗೂ ಖಡಕ್ ರೊಟ್ಟಿ ಕಟಕಟ ಕಡೀತಾಳ."

ಲುಂಬಿನಿ ಬಾಯಿ ತೆರೆದವಳು ಮುಚ್ಚಿಕೊಂಡಳು.

ಪೀರಮ್ಮ ತಲೆ ತಗ್ಗಿಸಿದಳು. ಆ ಹೊತ್ತಿನಲ್ಲೂ ಅವಳ ಎಡದವಡೆಯ ಸಂದಿಯಲ್ಲಿ ಕಡಲೆಕಾಳಿನಷ್ಟು ತಂಬಾಕು ಕುಳಿತಿತ್ತು. ಹೇಳಿದರೆ ಮಗ ಕೆಲಸ ಬಿಟ್ಟು ಕಲಬುರಗಿಗೆ ಓಡಾಡಬೇಕಾಗುತ್ತದೆಂದು ಅವಳು ನೋವನ್ನು ನುಂಗಿಕೊಂಡೇ ಬಂದಿದ್ದಳು. ಯಾರಿಗೂ ತಿಳಿದಿಲ್ಲವೆಂದೇ ಎಣಿಸಿದ್ದಳು. ಆದರೆ ಈಚೆಗೆ ಅವಳ ತಾಟಿಗೆ ಖಡಕ್ ರೊಟ್ಟಿ ಬರುತ್ತಲೇ ಇರಲಿಲ್ಲ. ಲುಂಬಿನಿ ರೊಟ್ಟಿ ಮುರಿದು, ಬಿಸಿ ಬೇಳೆಯಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ತಂದಿಡುತ್ತಿದ್ದಳು. ಯಾಕೆಂದು ಇವಳು ಕೇಳಲಿಲ್ಲ, ಅವಳು ಹೇಳಲಿಲ್ಲ. ಈಗಲೂ ಅಷ್ಟೇ. ಅಪ್ಪನ ಬಾಯಿ ಮುಚ್ಚಿಸಲು ಆ ಹುಡುಗಿಗೆ ಒಂದು ಮಾತು ಸಾಕಿತ್ತು. ಆಯಿ ಬಚ್ಚಿಟ್ಟದ್ದನ್ನು ತಾನು ಬಯಲು ಮಾಡಬಾರದೆಂದು ತನ್ನ ಸೀಟನ್ನೇ ಬಿಟ್ಟುಕೊಡಲು ಹೊರಟಿದ್ದಳು.

ಪೀರಮ್ಮ ಎದ್ದು ಬಚ್ಚಲಿಗೆ ಹೋಗಿ ತಂಬಾಕು ಉಗುಳಿ ಬಾಯಿ ಮುಕ್ಕಳಿಸಿದಳು. ಬಂದು ಮೊಮ್ಮಗಳ ಎದುರಿಗೇ ಕುಳಿತಳು. ಸುಟ್ಟ ತಂಬಾಕಿನ ಮಿಸ್ರಿ ಪುಡಿ ತಿಕ್ಕಿ ಕಪ್ಪಾದ ಹಲ್ಲು ಕಾಣಬಾರದೆಂದು ನಗುವಾಗಲೂ ಸೆರಗು ಅಡ್ಡ ಹಿಡಿಯುತ್ತಿದ್ದವಳು, "ನೋಡವ್ವಾ" ಎಂದು ಬಾಯಿ ತೆರೆದಳು.

"ಯವ್ವಾ, ಇದೇನ್ ಮಾಡ್ಲಿಕತ್ತಿ?" ಎಂದ ರಾಜರತ್ನ.

"ಯಾರೂ ಬರಂಗಿಲ್ಲ ಅಂದ್ಯಲ್ಲ, ನಾ ಬಂದೀನಿ. ಸುಮ್ನ ಬ್ಯಾಟ್ರಿ ಹಿಡಿ."

ಅವನು ಮೊಬೈಲಿನ ಬೆಳಕು ಹಚ್ಚಿ ಮೊಣಕಾಲೂರಿ ಕುಳಿತ. ಹೆತ್ತವಳ ಬಾಯೊಳಗೆ ಏನಿದೆ ಎಂದು ಅವನು ನೋಡಿದ್ದು ಅದೇ ಮೊದಲು. ಲುಂಬಿನಿ ಕೈ ತೊಳೆದು ಬಂದು ಬೆರಳಿನಿಂದ ಆಯಿಯ ಗಲ್ಲವನ್ನು ಮೆಲ್ಲಗೆ ಸರಿಸಿದಳು.

"ಅಪ್ಪಾ, ಜರಾ ಮ್ಯಾಲ ಹಿಡಿ. ಹಾಂ, ಅಲ್ಲೇ ಇರ್ಲಿ."

ತೂತು ಬಿದ್ದ ದವಡೆಹಲ್ಲು, ಊದಿದ ವಸಡು. ಪಕ್ಕದಲ್ಲಿ, ಗಲ್ಲದ ಒಳಮೈಯಲ್ಲಿ, ಸುಣ್ಣ ಬಳಿದಂತೆ ಒಂದು ಬಿಳಿ ಕಲೆ. ಹುಡುಗಿಯ ಕಣ್ಣು ಒಮ್ಮೆ ದೊಡ್ಡದಾದದ್ದನ್ನು ಪೀರಮ್ಮ ಕಂಡಳು. ಆದರೆ ಬೆರಳು ಗಡುಸಾಗಲಿಲ್ಲ, ದನಿ ಬದಲಾಗಲಿಲ್ಲ.

"ಭಾಳ ನೋಯ್ತದೇನ್ ಆಯಿ?"

ಪೀರಮ್ಮ ಇಲ್ಲವೆಂದು ತಲೆಯಾಡಿಸಿದಳು. ನೋಯುತ್ತಿತ್ತು.

"ಆ ಬೆಳ್ಳಗಿಂದು ಏನದು?" ರಾಜರತ್ನನ ದನಿ ಇಳಿದಿತ್ತು.

"ಗೊತ್ತಿಲ್ಲಪ್ಪಾ. ನಾಳೆನೇ ಗೊತ್ತಿದ್ದವರಿಗಿ ತೋರಸಬೇಕು. ಆಯಿ, ತಂಬಾಕ ಇವತ್ತಿನಿಂದ ಬಂದ್."

"ಇಷ್ಟೆಲ್ಲಾ ಓದೀದಿ, ನಿನಗ ಗೊತ್ತಾಗಲ್ಲೇನು?"

"ಇನ್ನಾ ಗೊತ್ತಿಲ್ಲ."

ರಾಜರತ್ನ ಇನ್ನೂ ಹತ್ತಿರ ಸರಿದ. ಹೆಗಲ ಟವೆಲ್ಲಿನಿಂದ ತಾಯಿಯ ಗದ್ದ ಒರೆಸಿದ. "ನನಗೊಂದು ಮಾತು ಹೇಳಬಾರದೇನ್ ಯವ್ವಾ?"

"ಹೇಳಿದ್ರ ನೀ ದವಡಿಗಿ ತಂಬಾಕ ಒತ್ಕೋ ಅಂತಿದ್ದಿ."

ಲುಂಬಿನಿ ಫಕ್ಕನೆ ನಕ್ಕಳು. ಅವನಿಗೂ ನಗು ತಡೆಯಲಾಗಲಿಲ್ಲ. ಮೊಬೈಲನ್ನು ಮಗಳ ಕೈಗೆ ಕೊಟ್ಟ. "ತಗೋ. ಕಲ್ತು ಬಾ," ಎಂದ. ಕೊಟ್ಟವನು ಸುಮ್ಮನಿರದೆ ಅವಳ ಪಕ್ಕಕ್ಕೇ ಸರಿದು ಕುಳಿತ. "ಕಲಬುರಗೀದು ಮೊದಲ ಹಾಕು. ಸಮೀಪ ಆಗ್ತದ."

"ಬಳ್ಳಾರೀದು ಸರ್ಕಾರಿ ಕಾಲೇಜದ ಅಪ್ಪಾ. ಅದೇ ಮೊದಲ."

"ಬಳ್ಳಾರಿ ಭಾಳ ದೂರ. ಆಯಿಗಿ ಹಲ್ಲು ನೋಯ್ತಂದ್ರ ಯಾರು ನೋಡಬೇಕು?"

"ಅಪ್ಪಾ, ಜರಾ ಸುಮ್ನಿರು, ತಪ್ಪು ಬೀಳ್ತದ."

ಬೆಳಕು ಆರಿಸುವುದು ಇಬ್ಬರಿಗೂ ಮರೆತೇಹೋಗಿತ್ತು. ತಲೆಗೆ ತಲೆ ಹಚ್ಚಿ ಅವರು ಜಗಳಾಡುತ್ತಿದ್ದರೆ, ಮೊಬೈಲಿನ ಬೆನ್ನಿನಿಂದ ಬರುವ ಬೆಳಕು ನೇರವಾಗಿ ಪೀರಮ್ಮನ ಕಣ್ಣಿಗೆ ಬೀಳುತ್ತಿತ್ತು. ಆರಿಸಿರೆಂದು ಹೇಳಲು ಹೊರಟವಳು ತಡೆದಳು. ನಡುವೆ ಮಾತಾಡಿದರೆ ತುಂಬುವುದನ್ನು ಎಲ್ಲಿ ಬಿಟ್ಟುಬಿಡುತ್ತಾರೋ ಎಂದು, ಆ ಬೆಳಕಿನಲ್ಲೇ ಕಣ್ಣು ಮುಚ್ಚಿಕೊಂಡು ಅಲ್ಲಾಡದೆ ಕುಳಿತಳು.