ಸಪ್ಪೆ ಕೋಳಿ

ಕಡಲು ಬಾವಿಗಳಿಗೆ ನುಗ್ಗಿದ ಮೇಲೆ ಊರಿನ ನೀರು, ಮೀನು, ಕೋಳಿ ಎಲ್ಲವೂ ಉಪ್ಪಾಗಿದ್ದವು. ಸಿಹಿನೀರು ಕುಡಿದು ಬೆಳೆದ ಕೋಳಿ ಬುಧವಾರ ಮಾತ್ರ ಬರುತ್ತಿತ್ತು. ಜನ ಕತ್ತಿ ಹಿಡಿದೇ ಸಾಲು ನಿಲ್ಲುತ್ತಿದ್ದರು. ವಾರಿಜಾಳ ಬೆಕ್ಕು ಚಿಕ್ಕಿಯ ಕಿಡ್ನಿ ಸೋತಿತ್ತು. "ಉಪ್ಪು ತಾಗಿದರೆ ಇದು ಉಳಿಯಲಿಕ್ಕಿಲ್ಲ" ಎಂದಿದ್ದರು ಡಾಕ್ಟರು.

ಈ ಬುಧವಾರ ಕೊನೆಯ ಕೋಳಿಗೆ ಇಬ್ಬರು ಕೈ ಹಾಕಿದರು. ವಾರಿಜಾ ಎದುರಿನವನ ಮಣಿಕಟ್ಟಿಗೆ ಕತ್ತಿ ಬೀಸಿದಳು. ಅವನು ಅವಳ ಓಲೆ ಹಿಡಿದೆಳೆದು ಕಿವಿ ಹರಿದ. ಅಂಗಡಿಯವನು ರಕ್ತದ ಮೇಲೆ ಒಂದು ಬಕೆಟ್ ಉಪ್ಪುನೀರು ಎರಚಿ, "ಉಳಿದವರು ಮುಂದಿನ ವಾರ ಬನ್ನಿ" ಎಂದು ಬಾಗಿಲೆಳೆದ.

ಮನೆಗೆ ಬಂದವಳು ಕೋಳಿಯನ್ನು ಅತ್ತೆಯ ಕೈಗಿತ್ತು, ಕಿವಿಗೆ ಬಟ್ಟೆ ಕಟ್ಟಿಕೊಳ್ಳಲು ಒಳಗೆ ಹೋದಳು. ಅಲ್ಲೇ ನೋವಿಗೆ ಮಂಪರು ಹತ್ತಿತು. ಎದ್ದು ಬಂದಾಗ ಕೋಳಿ ಹಬೆಯಲ್ಲಿ ಬೆಂದಿತ್ತು, ಚಿಕ್ಕಿ ಬಟ್ಟಲು ನೆಕ್ಕುತ್ತಿತ್ತು. ವರ್ಷಗಳಿಂದ ಯಾರೂ ಮುಟ್ಟದ ಉಪ್ಪಿನ ಭರಣಿ ಒಲೆಯ ಪಕ್ಕ ತೆರೆದಿತ್ತು.

"ಡಾಕ್ಟರು ಹೇಳಿದ್ದು ಗೊತ್ತುಂಟು ಮಾರಾಯ್ತಿ" ಎಂದರು ಅತ್ತೆ, ಬೆಕ್ಕಿನ ಬೆನ್ನು ಸವರುತ್ತ. "ಆದರೆ ಅಷ್ಟು ಸಪ್ಪೆ ಹೇಗೆ ತಿನ್ನುವುದು, ಪಾಪ? ಒಂದೇ ಹಿಡಿ ಹಾಕಿದ್ದು."

ವಾರಿಜಾ ಸೊಂಟದ ಕತ್ತಿ ಮುಟ್ಟಿ ನೋಡಿದಳು. ರಕ್ತ ಇನ್ನೂ ಆರಿರಲಿಲ್ಲ.