ಮುಂದಿನ ಸೀಟಿನ ಜಿಂಕೆ

ಕಾಡುರಸ್ತೆಯಲ್ಲಿ ಕಾರಿಗೆ ಸಿಕ್ಕು ಸತ್ತ ಪ್ರಾಣಿ ಮರುದಿನವೇ ಎದ್ದು ಬಂದು, ತನ್ನ ಉಳಿದ ಆಯುಸ್ಸು ತೀರುವವರೆಗೂ ಅದೇ ಕಾರಿನ ಮುಂದಿನ ಸೀಟಿನಲ್ಲಿ ಕೂರುವುದು ಗುಂಡ್ಲುಪೇಟೆಯಲ್ಲಿ ಯಾರಿಗೂ ಹೊಸತಲ್ಲ. ಡಾಕ್ಟರ ಕಾರಿನಲ್ಲಿ ನವಿಲಿತ್ತು. ನಾಗಮಲ್ಲಪ್ಪನವರ ಕಾರಿನಲ್ಲಿ ಆರು ವರ್ಷದಿಂದ ಒಂದು ಹೆಣ್ಣು ಜಿಂಕೆ. ಅವರ ಹೆಂಡತಿ ದೇವಮ್ಮಣ್ಣಿ ಹಿಂದಿನ ಸೀಟಿಗೆ ಸರಿದಿದ್ದರು.

ಜಾಗ ಹೋದದ್ದಕ್ಕಲ್ಲ ಅವರ ಹೊಟ್ಟೆಕಿಚ್ಚು. "ಸೊಂಟ ನೋಯುತ್ತೆ, ನಿಧಾನ ಹೋಗ್ರೀ" ಎಂದು ಇಪ್ಪತ್ತು ವರ್ಷ ಗೋಗರೆದರೂ ಕೇಳದ ಮನುಷ್ಯ, ಅದು ಕಿವಿ ನಿಮಿರಿಸಿದರೆ ಸಾಕು, ಬ್ರೇಕ್ ಒತ್ತುತ್ತಿದ್ದರು. ಹಂಪ್ ಬಂದರೆ ಅದರ ಎದೆಗೆ ಕೈ ಅಡ್ಡ ಹಿಡಿಯುತ್ತಿದ್ದರು.

ಒಂದು ಬೆಳಿಗ್ಗೆ ಸೀಟು ಖಾಲಿಯಾಗಿತ್ತು. ದೇವಮ್ಮಣ್ಣಿ ಗೆದ್ದವರಂತೆ ಮುಂದೆ ಕೂತರು. ಮೊದಲ ಹಂಪ್‌ನಲ್ಲೇ ಕಾರು ಎತ್ತಿನಗಾಡಿಯಷ್ಟು ನಿಧಾನವಾಯಿತು. ಗಂಡನ ಕೈ ಅಡ್ಡ ಬಂತು.

"ಅವಳು ಹೋದಳಲ್ಲ, ಇನ್ಯಾಕ್ರೀ ಈ ನಾಟಕ?"

"ನಿಂಗೆ ಸೊಂಟ ನೋವಲ್ವೇನೆ?"

"ನಾನು ಗಂಟಲು ಹರ್ಕೊಂಡು ಹೇಳಿದ್ದನ್ನ ಅವಳು ಬಾಯೇ ಬಿಡದೆ ಕಲಿಸಿಬಿಟ್ಟಳು, ನೋಡಿ" ಎಂದು ಗೊಣಗುತ್ತ, ದೇವಮ್ಮಣ್ಣಿ ಸೀಟಿಗಂಟಿದ್ದ ಕಂದು ಕೂದಲೊಂದನ್ನು ಕಿತ್ತು ಕಿಟಕಿಯಾಚೆ ಕೈ ಚಾಚಿದರು. ಆಮೇಲೆ ಕೈ ಒಳಗೆಳೆದುಕೊಂಡು, ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.